“ಈಗಿನ ಹುಡುಗರನ್ನ ಹೇಗೆ ಸಂಭಾಳಿಸ್ತೀರಾ ಸರ್?”

ಪೀಣ್ಯದಲ್ಲಿ ಸಿಎನ್‌ಸಿ ಶಾಪ್ (ಕಂಪ್ಯೂಟರ್ ನಡೆಸುವ, ಲೋಹ ಕತ್ತರಿಸುವ ಮೆಷಿನ್‌ಗಳ ವರ್ಕ್‌ಶಾಪ್) ನೋಡಿಕೊಳ್ಳುತ್ತೇನೆ ಅಂತ ಗೊತ್ತಾದರೆ ಸಾಕು, ಮದುವೆ ಮನೆಯ ಪಂಕ್ತಿಯಲ್ಲೂ ಈ ಪ್ರಶ್ನೆ ಬರುತ್ತದೆ. ಕೇಳುವವರ ಬಳಿ ಉತ್ತರ ಆಗಲೇ ಇರುತ್ತದೆ. ಹುಡುಗರು ಸರಿಯಿಲ್ಲ, ಆರು ತಿಂಗಳೂ ನಿಲ್ಲಲ್ಲ. ನಾನು ಹೂಂ ಅನ್ನಬೇಕು ಅಷ್ಟೇ.

ನಾನು ಅನ್ನುವುದಿಲ್ಲ. ನಮ್ಮಪ್ಪ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದರು. ಕಂಪನಿ ಬಸ್ಸು, ಕ್ವಾರ್ಟರ್ಸು, ಕ್ಯಾಂಟೀನ್ ಊಟ, ರಿಟೈರ್ ಆಗುವ ತನಕ ಕೆಲಸ. ಅದನ್ನು ಬಿಟ್ಟು ಯಾರು ಹೋಗುತ್ತಾರೆ? 1961ರಲ್ಲಿ ಶುರುವಾದ ಆ ವಾಚ್ ಕೆಲಸವನ್ನೇ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿತು. ಈಗ ನಾನು ಹುಡುಗರಿಗೆ ಕೊಡುವುದು ಒಂದು ವರ್ಷದ ಕಾಂಟ್ರ್ಯಾಕ್ಟ್. 2014ರಲ್ಲಿ ಯುಎಎನ್ ಅನ್ನುವ, ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್ ಬಂದ ಮೇಲೆ ಅದೂ ಅವರ ಹಿಂದೆಯೇ ಹೋಗುತ್ತದೆ. ಎರಡು ಸಾವಿರ ಜಾಸ್ತಿ ಸಿಕ್ಕರೆ ಹೋಗದೆ ಇರ್ತಾರಾ? (ಬೆಳಿಗ್ಗೆ ಆರಕ್ಕೆ ವಾಟ್ಸಾಪ್‌ನಲ್ಲಿ “ಸರ್ ಇವತ್ತು ಬರಲ್ಲ” ಅನ್ನುವುದು ಮಾತ್ರ ನನಗೆ ಇನ್ನೂ ಮೈಯುರಿ.)

ನನ್ನದೂ ಒಂದು ತಪ್ಪಿದೆ. ಡಿಪ್ಲೊಮಾ ಮುಗಿಸಿ ಬಂದ ಹಾವೇರಿ ಕಡೆಯ ಹುಡುಗನಿಗೆ “ಸ್ಪೀಡ್ ಕಮ್ಮಿ ಮಾಡು” ಅಂದೆ. “ಯಾಕ್ರೀ ಸರ್? ಇನ್ಸರ್ಟ್ ಡಬ್ಬಿ ಮೇಲೆ ಜಾಸ್ತಿನೇ ಬರದೈತಲ್ರೀ” ಅಂದ. (ಇನ್ಸರ್ಟ್ ಅಂದರೆ ಲೋಹ ಕತ್ತರಿಸುವ ಟೂಲಿನ ತುದಿ.) ಎಲ್ಲರ ಎದುರು ರೇಗಿದೆ. ಮಾರನೇ ದಿನ ಬರಲಿಲ್ಲ. ವಾರದ ಮೇಲೆ ಗೊತ್ತಾಯಿತು, ಎರಡು ರಸ್ತೆ ಆಚೆ ಸೇರಿಕೊಂಡಿದ್ದ.

ಅವನು ಓದಿದ್ದು ಸರಿಯಾಗೇ ಇತ್ತು. ಆದರೆ ಆ ಮೆಷಿನ್ನಿನಲ್ಲಿ ತಿರುಗುವ ದಂಡದ, ಅಂದರೆ ಸ್ಪಿಂಡಲ್‌ನ, ಬೇರಿಂಗ್ ಸವೆದಿತ್ತು. ಸ್ಪೀಡ್ ಏರಿಸಿದರೆ ಅದುರುತ್ತದೆ, ಫಿನಿಶ್ ಕೆಡುತ್ತದೆ. ಇಷ್ಟು ಹೇಳಲು ಅರ್ಧ ನಿಮಿಷ ಸಾಕಿತ್ತು. ಹೇಳಲಿಲ್ಲ, ಯಾಕಂದ್ರೆ ನನ್ನ ಮೇಸ್ತ್ರಿ ನನಗೆ ಹೇಳಿರಲಿಲ್ಲ. ಮೂರು ವರ್ಷ ಟೂಲ್ ಮುರಿದು, ಬೈಸಿಕೊಂಡು ಕಲಿತಿದ್ದೆ. ಕಲಿಯುವ ದಾರಿ ಅದೊಂದೇ ಅಂದುಕೊಂಡಿದ್ದೆ.

ಹುಡುಗರಿಗೆ ಕಾರಣ ಬೇಕು. ಕೊಟ್ಟರೆ ರಾತ್ರಿ ಶಿಫ್ಟಿನಲ್ಲೂ ನನ್ನನ್ನು ಎಬ್ಬಿಸದೆ ಕೆಲಸ ಮುಗಿಸುತ್ತಾರೆ. ಅದಕ್ಕೇ ಈಗ ಪ್ರತಿ ಮೆಷಿನ್ ಮೇಲೂ ಅದರ ರೋಗ ಏನು, ಸ್ಪೀಡ್ ಎಷ್ಟು ಅಂತ ಬರೆದು ಅಂಟಿಸಿದ್ದೇನೆ. ಮೊನ್ನೆ ನೋಡಿದರೆ ಆ ಚೀಟಿಯ ಕೆಳಗೆ ಯಾರೋ ಮಾರ್ಕರ್‌ನಲ್ಲಿ ಬರೆದಿದ್ದರು: “ಹಾಗಾದ್ರೆ ಬೇರಿಂಗ್ ಯಾವಾಗ ಬದಲಾಯಿಸ್ತೀರಾ ಸರ್?”

ಆರ್ಡರ್ ಹಾಕಿದ್ದೇನೆ.