ಕಾಂಚನಜುಂಗಾ ನಕ್ಷೆ: ಕೆಂಪು ಪಾಂಡಾ ಪದರ ಸಿದ್ಧ

ನನ್ನ ನಕ್ಷೆಯಲ್ಲಿ ಕೆಂಪು ಪಾಂಡಾ ಓಡಾಡಬಹುದಾದ ದಾರಿಗಳನ್ನು ತೋರಿಸುವ ಪದರ (ಲೇಯರ್) ಈ ತಿಂಗಳು ಸಿದ್ಧವಾಯಿತು. ಕಾಂಚನಜುಂಗಾ ಸುತ್ತಲಿನ ಬೆಟ್ಟಗಳ ನಕ್ಷೆಯನ್ನು ಬರೀ ಉಚಿತ ದತ್ತಾಂಶದಿಂದ ಮಾಡುವುದು ನನ್ನ ಹವ್ಯಾಸ. ಅದರಲ್ಲಿ ಇದೇ ತುಂಬಾ ಕಾಡಿದ ಭಾಗ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಈ ಪ್ರದೇಶ ಸುಮಾರು 25,080 ಚದರ ಕಿಲೋಮೀಟರ್ ಇದೆ. ನೇಪಾಳದ ಪೂರ್ವ ತುದಿ, ನಮ್ಮ ಸಿಕ್ಕಿಂ ಮತ್ತು ಉತ್ತರ ಬಂಗಾಳ, ಭೂತಾನಿನ ಪಶ್ಚಿಮ ಭಾಗ ಇದರಲ್ಲಿ ಸೇರಿವೆ. ಅರ್ಧಕ್ಕಿಂತ ಜಾಸ್ತಿ ನೆಲ ಭಾರತದ್ದು. ಪರ್ವತ ಪ್ರದೇಶಗಳ ಅಭಿವೃದ್ಧಿಗೆ ದುಡಿಯುವ ಕಠ್ಮಂಡುವಿನ ಇಸಿಮೋಡ್ ಸಂಸ್ಥೆಯ ಜೊತೆಗೂಡಿ ಮೂರೂ ದೇಶಗಳು ಇಲ್ಲಿಗೆಂದೇ ಒಂದು ಯೋಜನೆ ರೂಪಿಸಿದ್ದವು. ಇಲ್ಲಿ ಕೆಳಗೆ ಬಯಲಿನ ಕಾಡು, ಮೇಲೆ 8,586 ಮೀಟರ್ ಎತ್ತರದ ಶಿಖರ. ಸೆಕೆ ಹೆಚ್ಚಿದಂತೆ ಗಿಡ, ಪ್ರಾಣಿಗಳು ಮೇಲಕ್ಕೆ ಸರಿಯಬೇಕಾಗುತ್ತದೆ. ಒಂದೊಂದು ದೇಶ ತನ್ನ ಉದ್ಯಾನವನ್ನಷ್ಟೇ ಕಾದುಕೊಂಡರೆ ಆ ದಾರಿ ನಡುವೆಯೇ ಕಡಿದುಹೋಗುತ್ತದೆ ಅಲ್ವಾ?

ನೆಲದ ಎತ್ತರಕ್ಕೆ ಯುರೋಪಿನ ಉಪಗ್ರಹ ಕಾರ್ಯಕ್ರಮ ಕೋಪರ್ನಿಕಸ್‌ನ ಮಾದರಿ ತೆಗೆದುಕೊಂಡೆ. ಅದರಲ್ಲಿ ಒಂದೊಂದು ಚೌಕ ಸುಮಾರು 30 ಮೀಟರ್ ಅಗಲ. 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಬಳಸಿ ಅಳೆದ ಹಳೆಯ ಮಾದರಿಯೂ ಸಿಗುತ್ತದೆ. ಆದರೆ ಅದರಲ್ಲಿ ಕಡಿದಾದ ಬೆಟ್ಟಗಳ ಕಡೆ ಮಾಹಿತಿ ಇಲ್ಲದ ತೂತುಗಳು ಬರುತ್ತವೆ. ಎಲ್ಲಿ ಮರ, ಎಲ್ಲಿ ಹುಲ್ಲು, ಎಲ್ಲಿ ಊರು ಎಂಬ ನೆಲದ ಹೊದಿಕೆಗೆ 2021ರ ವರ್ಲ್ಡ್‌ಕವರ್ ಎಂಬ ಉಪಗ್ರಹ ನಕ್ಷೆ. ಕೊನೆಗೆ ದಾರಿಗಳ ಲೆಕ್ಕಕ್ಕೆ ಸರ್ಕಿಟ್‌ಸ್ಕೇಪ್ ಎಂಬ ತಂತ್ರಾಂಶ.

ಈ ಸರ್ಕಿಟ್‌ಸ್ಕೇಪ್‌ನ ಉಪಾಯ ನನಗೆ ಬಹಳ ಇಷ್ಟ. ನಕ್ಷೆಯ ಪ್ರತಿ ಚೌಕಕ್ಕೂ ಒಂದು ತಡೆ, ಅಂದರೆ ಪ್ರಾಣಿಗೆ ಅದನ್ನು ದಾಟಲು ಎಷ್ಟು ಕಷ್ಟ ಎಂಬ ಸಂಖ್ಯೆ, ಕೊಡಬೇಕು. ಕಾಡಿಗೆ ಕಡಿಮೆ, ಹುಲ್ಲುಗಾವಲಿಗೆ ಜಾಸ್ತಿ, ರಸ್ತೆ ಮತ್ತು ಊರಿಗೆ ಇನ್ನೂ ಜಾಸ್ತಿ. ಆಮೇಲೆ ಅದು ಆ ನೆಲದಲ್ಲಿ ವಿದ್ಯುತ್ ಹರಿದರೆ ಹೇಗೋ ಹಾಗೆ ಲೆಕ್ಕ ಹಾಕುತ್ತದೆ. ಹತ್ತಿರದ ಒಂದು ದಾರಿ ತೋರಿಸಿ ಸುಮ್ಮನಾಗುವುದಿಲ್ಲ. ಇರುವ ದಾರಿಗಳಲ್ಲೆಲ್ಲ ಹರಿವು ಹಂಚಿಹೋಗುತ್ತದೆ. ದಾರಿ ಕಿರಿದಾದ ಕಡೆ ಅದೇ ಹರಿವು ಒತ್ತೊತ್ತಾಗಿ ಕಾಣುತ್ತದೆ. ಅಂಥ ಜಾಗದ ಕಾಡು ಹೋದರೆ ಎರಡೂ ಬದಿಯ ಪ್ರಾಣಿಗಳು ಬೇರೆಬೇರೆಯಾಗಿಬಿಡುತ್ತವೆ.

ತೊಡಕು ಇದ್ದದ್ದು ಬಿದಿರಿನಲ್ಲಿ. ಕೆಂಪು ಪಾಂಡಾಕ್ಕೆ ಬೇಕಾದ್ದು ಮರಗಳ ಅಡಿಯಲ್ಲಿ ಬೆಳೆಯುವ ಸಣ್ಣ ಬಿದಿರು. ಮೇಲಿಂದ ನೋಡುವ ಉಪಗ್ರಹಕ್ಕೆ ಮರದ ನೆತ್ತಿ ಮಾತ್ರ ಕಾಣುತ್ತದೆ. ವರ್ಲ್ಡ್‌ಕವರ್‌ನಲ್ಲೂ ಅಲ್ಲಿ ಬರೀ ಮರ ಎಂದೇ ಇದೆ. ಹಾಗಾಗಿ ಸುಮಾರು 2,200ರಿಂದ 4,000 ಮೀಟರ್ ನಡುವಿನ ಕಾಡನ್ನು ಒಳ್ಳೆಯ ನೆಲೆ ಎಂದು ಹಿಡಿದೆ. ಇದು ಅಂದಾಜು ಅಷ್ಟೇ. ನಕ್ಷೆಯ ಮೂಲೆಯಲ್ಲೂ ಹಾಗೇ ಬರೆದಿದ್ದೇನೆ.

ಹರಿವು ಎದ್ದು ಕಂಡದ್ದು ಸಿಂಗಾಲೀಲಾ ಏಣಿನ ಮೇಲೆ. ಪಶ್ಚಿಮ ಬಂಗಾಳದ ಅತಿ ಎತ್ತರದ ಶಿಖರ ಸಂದಕ್‌ಫು ಇರುವ ಏಣು ಅದೇ. ಅದರ ಮೇಲೆಯೇ ಗಡಿ ಹಾದುಹೋಗುತ್ತದೆ. ಪೂರ್ವದ ಇಳಿಜಾರು ಭಾರತ, ಪಶ್ಚಿಮದ್ದು ನೇಪಾಳ. ಭಾರತದ ಕಡೆ ಸಿಂಗಾಲೀಲಾ ರಾಷ್ಟ್ರೀಯ ಉದ್ಯಾನ, ಅದರ ಉತ್ತರಕ್ಕೆ ಬರ್ಸೆ ಅಭಯಾರಣ್ಯ ಇವೆ. ಸಂರಕ್ಷಿತ ಪ್ರದೇಶಗಳ ಪದರ ಹಾಕಿದಾಗ ಈ ಬದಿ ಹಸಿರು ಬಣ್ಣ ತುಂಬಿತು. ನೇಪಾಳದ ಬದಿಯ ಇಲಾಮ್, ಪಾಂಚ್‌ಥರ್ ಜಿಲ್ಲೆಗಳು ಖಾಲಿ.

ಈ ಖಾಲಿ ಜಾಗದ ಬಗ್ಗೆಯೇ ನಾನು ಹೇಳಬೇಕಾದ್ದು ಜಾಸ್ತಿ ಇದೆ. ಅಲ್ಲಿ ಉದ್ಯಾನ ಇಲ್ಲ ನಿಜ, ಆದರೆ ಕಾಡು ಕಾಯುವವರಿದ್ದಾರೆ. ನೇಪಾಳದ 1993ರ ಅರಣ್ಯ ಕಾಯ್ದೆ ಊರಿನ ಬಳಕೆದಾರರ ಗುಂಪುಗಳ ಕೈಗೆ ಕಾಡು ಕೊಟ್ಟಿತು. ಕೆಂಪು ಪಾಂಡಾ ಎಲ್ಲಿ ಕಂಡಿತು, ಎಲ್ಲಿ ಉರುಳು ಸಿಕ್ಕಿತು ಎಂದು ತಿರುಗಾಡಿ ಬರೆದಿಡುವ ಸ್ಥಳೀಯರು ಅಲ್ಲಿದ್ದಾರೆ. ನಾನು ಬಳಸಿದ ಪದರದಲ್ಲಿ ಅವರ ಕಾಡುಗಳು ಇಲ್ಲವೇ ಇಲ್ಲ. ಈ ನಕ್ಷೆ ಮುಂದಿಟ್ಟು ಯಾರಾದರೂ ಯೋಜನೆ ಹಾಕಲು ಕೂತರೆ, ಮಾತುಕತೆಗೆ ಮೊದಲು ಕರೆಯಬೇಕಾದವರನ್ನೇ ಬಿಟ್ಟುಬಿಡುತ್ತಾರೆ. ಆದ್ದರಿಂದ 'ತೀರ್ಮಾನ ಯಾರದು' ಎಂಬ ಹೊಸ ಪದರ ಶುರು ಮಾಡಿದ್ದೇನೆ. ಅರಣ್ಯ ಇಲಾಖೆಗೆ ಒಂದು ಬಣ್ಣ, ಸಮುದಾಯ ಅರಣ್ಯಕ್ಕೆ ಇನ್ನೊಂದು.

ಉತ್ತರಕ್ಕೆ ಹೋದರೆ ನೇಪಾಳದ ಕಾಂಚನಜುಂಗಾ ಸಂರಕ್ಷಣಾ ಪ್ರದೇಶಕ್ಕೂ ಸಮುದಾಯದ ಬಣ್ಣವೇ ಬರುತ್ತದೆ. 1997ರಲ್ಲಿ ಘೋಷಣೆಯಾದ ಅದನ್ನು 2006ರ ಸೆಪ್ಟೆಂಬರಿನಲ್ಲಿ ಸ್ಥಳೀಯರ ಮಂಡಳಿಗೆ ಒಪ್ಪಿಸಿದರು. ಆ ಸಮಾರಂಭ ಮುಗಿಸಿ ಮರಳುತ್ತಿದ್ದ ಹೆಲಿಕಾಪ್ಟರ್ ಬಿದ್ದು ಅದರಲ್ಲಿದ್ದ 24 ಮಂದಿಯೂ ತೀರಿಕೊಂಡರು. ಸಂರಕ್ಷಣಾ ಕೆಲಸದಲ್ಲಿ ಹೆಸರಾದ ಚಂದ್ರ ಗುರುಂಗ್, ಮಿಂಗ್ಮಾ ಶೆರ್ಪಾ, ಭೂಗೋಳಶಾಸ್ತ್ರಜ್ಞ ಹರ್ಕ ಗುರುಂಗ್ ಅವರಲ್ಲಿದ್ದರು. ಆ ಭಾಗಕ್ಕೆ ಬಣ್ಣ ತುಂಬುವಾಗ ಅವರೆಲ್ಲ ನೆನಪಾದರು. ಕಾಡನ್ನು ಜನರ ಕೈಗೆ ಒಪ್ಪಿಸಲೆಂದೇ ಅಲ್ಲಿಗೆ ಹೋದವರು ಅವರು.

ಮುಂದಿನ ಕೆಲಸ ಮೇವಿನ ಪದರ. ಸಿಕ್ಕಿಂ 1998ರಲ್ಲಿ ಮೀಸಲು ಅರಣ್ಯಗಳಲ್ಲಿ ಮೇಯಿಸುವುದನ್ನು ನಿಷೇಧಿಸಿತು. ನೇಪಾಳದ ಕಡೆ ಯಾಕ್ ಮತ್ತು ಚೌರಿ (ಯಾಕ್, ಹಸುಗಳ ಮಿಶ್ರತಳಿ) ಮಂದೆಗಳು ಈಗಲೂ ಮೇಯುತ್ತವೆ. ಒಂದೇ ಏಣು, ಎರಡು ನಿಯಮ. ಮಂದೆ ಬೇಸಿಗೆಯಲ್ಲಿ ಮೇಲೇರಿ ಚಳಿಗೆ ಕೆಳಗಿಳಿಯುತ್ತದೆ. ಹಾಗಾಗಿ ಎರಡು ಕಾಲಕ್ಕೂ ಬೇರೆಬೇರೆ ತಡೆಯ ಲೆಕ್ಕ ಹಾಕಬೇಕು. ಮೊದಲು ಸಿಂಗಾಲೀಲಾ ಭಾಗಕ್ಕಷ್ಟೇ ಹಾಕಿ ನೋಡುತ್ತೇನೆ. ಅದು ಸರಿ ಬಂದರೆ ಭೂತಾನಿನ ಕಡೆಗೆ ಹೊರಳುತ್ತೇನೆ.