ಎಂಬತ್ತೈದರ ಸಾಲಿನಲ್ಲಿ ಒಂದು ನಲವತ್ತೊಂದು

17 ನವೆಂಬರ್ 2025, ಸೋಮವಾರ
ಪರ್ವರಿ, ಗೋವಾ

ಬೆಳಿಗ್ಗೆ ಒಂಬತ್ತಕ್ಕೆ ಪರ್ವರಿಯಿಂದ ಜೀಪು ಹತ್ತಿದೆವು. ನಾಲ್ಕು ಜನರ ಪಾರ್ಟಿ. ಗೋವಾದಲ್ಲಿ ಕೂತು ಪಾರ್ಟಿ ಅಂದರೆ ಜನ ಬೇರೆ ಏನೋ ತಿಳಿದುಕೊಳ್ಳುತ್ತಾರೆ. ನಮ್ಮದು ಆಡಿಟ್ ಪಾರ್ಟಿ, ಸರ್ಕಾರಿ ಕಚೇರಿಗಳ ಲೆಕ್ಕ ನೋಡುವ ಸಿಎಜಿ ಇಲಾಖೆಯ ತಂಡ. ಒಬ್ಬ ಹಿರಿಯ ಅಧಿಕಾರಿ, ಇಬ್ಬರು ಸಹಾಯಕ ಅಧಿಕಾರಿಗಳು, ಒಬ್ಬ ಆಡಿಟರ್. ಜೊತೆಗೆ ನಾಲ್ಕು ಊಟದ ಡಬ್ಬಿ. ಡಬ್ಬಿಯ ಕಥೆ ಆಮೇಲೆ ಹೇಳುತ್ತೇನೆ.

ಹೋಗಿದ್ದು ಒಂದು ಅರಣ್ಯ ಕಚೇರಿಗೆ. ಯಾವುದು ಅಂತ ಬರೆಯುವುದಿಲ್ಲ. ಬರೆಯುವ ಹಾಗೂ ಇಲ್ಲ. ಅಂಕಿಗಳನ್ನೂ ಅಲ್ಲಲ್ಲಿ ಸ್ವಲ್ಪ ಬದಲಿಸಿದ್ದೇನೆ. ಲೆಕ್ಕ ನೋಡುವವರೇ ಲೆಕ್ಕ ಬದಲಿಸಿದರು ಅಂತ ನಗಬೇಡಿ.

ಇವತ್ತು ಆದದ್ದು ಎಂಟ್ರಿ ಮೀಟಿಂಗ್ ಅಷ್ಟೇ. ಆಡಿಟ್ ಶುರುವಾಗುವ ಮೊದಲು ಎರಡೂ ಕಡೆಯವರು ಒಂದು ಮೇಜಿನ ಸುತ್ತ ಕೂರಬೇಕು. ಯಾವ ವರ್ಷದಿಂದ ಯಾವ ವರ್ಷದವರೆಗೆ ನೋಡುತ್ತೇವೆ, ಏನೇನು ಪುಸ್ತಕ ಬೇಕು, ಯಾರು ತಂದುಕೊಡುತ್ತಾರೆ, ಕಾಡಿಗೆ ಯಾವತ್ತು ಹೋಗೋಣ, ಎಲ್ಲ ಅಲ್ಲೇ ಇತ್ಯರ್ಥ. ಹುಡುಗಿ ನೋಡುವ ಶಾಸ್ತ್ರದ ಹಾಗೆ. ಎರಡೂ ಕಡೆಯವರು ತಲೆ ಬಾಚಿಕೊಂಡು ಬಂದಿರುತ್ತಾರೆ. ಒಂದು ತಟ್ಟೆಯಲ್ಲಿ ಗೋಡಂಬಿ ಇರುತ್ತದೆ. ಯಾರೂ ಮೊದಲು ಕೈ ಹಾಕುವುದಿಲ್ಲ.

ಹನ್ನೊಂದಕ್ಕೆ ಅಂತ ಹೇಳಿದ್ದರು. ಅಲ್ಲಿನ ಡಿಸಿಎಫ್, ಅಂದರೆ ಅರಣ್ಯ ಉಪಸಂರಕ್ಷಣಾಧಿಕಾರಿ, ಬಂದದ್ದು ಹನ್ನೊಂದೂವರೆಗೆ. ಯಾರದೋ ತೋಟಕ್ಕೆ ಕಾಡುಕೋಣ ನುಗ್ಗಿತ್ತಂತೆ. ನಂಬಿದೆ. ಕಾಡುಕೋಣ ಗೋವಾದ ರಾಜ್ಯ ಪ್ರಾಣಿ, ಅದಕ್ಕೆ ನಮ್ಮ ಮೀಟಿಂಗಿನ ಟೈಮ್ ಯಾರು ಹೇಳಬೇಕು? ಕಾಯುತ್ತಾ ಕೂತ ಅರ್ಧ ಗಂಟೆ ಗೋಡೆಯ ನಕ್ಷೆ ನೋಡಿದೆ. ಮ್ಹಾದೆಯಿ, ಮೊಲೆಂ, ನೇತ್ರಾವಳಿ, ಖೋತಿಗಾಂವ್. ಪೂರ್ವಕ್ಕೆ ಹಸಿರು ಉದ್ದಕ್ಕೂ ಹಬ್ಬಿ, ರಾಜ್ಯದ ಗಡಿ ಬಂದ ಕೂಡಲೇ ಕತ್ತರಿಯಿಂದ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ಆ ಬಿಳಿ ಜಾಗವೇ ನಮ್ಮ ಉತ್ತರ ಕನ್ನಡ. ನಕ್ಷೆಯಲ್ಲಿ ಅಲ್ಲಿ ಏನೂ ಇಲ್ಲ.

ನಮ್ಮ ಹಿರಿಯ ಅಧಿಕಾರಿಯ ಭಾಷಣ ನನಗೆ ಬಾಯಿಪಾಠ. "ನಾವು ತಪ್ಪು ಹುಡುಕಲು ಬಂದಿಲ್ಲ, ನಿಮಗೆ ನೆರವಾಗಲು ಬಂದಿದ್ದೇವೆ." ಎಲ್ಲರೂ ತಲೆ ಆಡಿಸಿದರು. ಯಾರೂ ನಂಬಲಿಲ್ಲ. ನೆನ್ನೆಯಷ್ಟೇ ಆಡಿಟ್ ದಿವಸ ಆಗಿತ್ತು, ಅದನ್ನೂ ಸೇರಿಸಿದರು. 1860ರ ನವೆಂಬರ್ 16ರಂದು ಮೊದಲ ಆಡಿಟರ್ ಜನರಲ್ ಅಧಿಕಾರ ವಹಿಸಿಕೊಂಡದ್ದು, 2021ರಿಂದ ಆ ದಿನವನ್ನು ಆಚರಿಸುತ್ತಿರುವುದು. ಆಮೇಲೆ ಮೆತ್ತಗಿನ ದನಿಯಲ್ಲಿ 1971ರ ಸಿಎಜಿ ಕಾಯ್ದೆಯ 18ನೇ ಸೆಕ್ಷನ್. ಯಾವ ಪುಸ್ತಕ ಕೇಳಿದರೂ ಕೊಡಬೇಕು ಅನ್ನುವುದು ಅದರ ಸಾರ. ಅದನ್ನು ಯಾವಾಗಲೂ ಚಹಾ ಬರುವ ಹೊತ್ತಿಗೆ ಸರಿಯಾಗಿ ಹೇಳುತ್ತಾರೆ. ನಿವೃತ್ತಿಗೆ ನಾಲ್ಕೇ ತಿಂಗಳಿದೆ, ಈ ಕಲೆ ನಮಗೆ ಬಿಟ್ಟು ಹೋಗಲಿ.

ಆ ಕಡೆಯಿಂದ ಬಂದ ಪ್ರಶ್ನೆಗಳೂ ಪ್ರತಿ ಸಲದವೇ. ಎಷ್ಟು ದಿನ ಇರುತ್ತೀರಿ? ಹಾಫ್ ಮಾರ್ಜಿನ್‌ಗೆ ಉತ್ತರ ಎಷ್ಟು ದಿನದಲ್ಲಿ ಕೊಡಬೇಕು? ಈ ಹಾಫ್ ಮಾರ್ಜಿನ್ ಅನ್ನುವುದು ನಮ್ಮ ಹಳೇ ಮಾತು. ಹಾಳೆಯನ್ನು ಉದ್ದಕ್ಕೆ ಮಡಚಿ, ಒಂದು ಅರ್ಧದಲ್ಲಿ ನಮ್ಮ ಪ್ರಶ್ನೆ, ಇನ್ನೊಂದು ಅರ್ಧದಲ್ಲಿ ಅವರ ಉತ್ತರ. ಈಗ ಎಲ್ಲ ಕಂಪ್ಯೂಟರಿನಲ್ಲಿ, ಆದರೂ ಹೆಸರು ಹೋಗಿಲ್ಲ. ಉತ್ತರ ಸರಿ ಕಾಣದಿದ್ದರೆ ಅದು ತಪಾಸಣಾ ವರದಿಯಲ್ಲಿ ಪ್ಯಾರಾ ಆಗುತ್ತದೆ. ಅದಕ್ಕೆ ನಾಲ್ಕು ವಾರದೊಳಗೆ ಉತ್ತರ ಬರಬೇಕು. ದೊಡ್ಡ ಪ್ಯಾರಾ ಆದರೆ ಮುಂದೆ ವಿಧಾನಸಭೆಯವರೆಗೆ ಹೋಗುತ್ತದೆ. "ಪ್ಯಾರಾ ಬಿತ್ತು" ಅಂತಾರೆ ಎಲ್ಲ ಆಫೀಸುಗಳಲ್ಲಿ. ಸಿಡಿಲು ಬಿತ್ತು ಅನ್ನುವ ಹಾಗೆ.

ನಮಗೆ ಕೂರಲು ಕೊಟ್ಟದ್ದು ಜಪ್ತಿ ಮಾಡಿದ ಮರ ಇಟ್ಟ ಕೋಣೆಯ ಪಕ್ಕದ ರೂಮು. ಕಾಚಿನ ಮರದ ವಾಸನೆ. ನನಗೆ ಖುಷಿಯೇ ಆಯಿತು. ಉಳಿದ ಮೂವರಿಗೆ ಸೀನು.

ಮುಖ್ಯ ವಿಷಯ ಬದಲಿ ಅರಣ್ಯದ ದುಡ್ಡು. ಕ್ಯಾಂಪಾ ಅಂತಾರಲ್ಲ, ಅದು. ರಸ್ತೆಗೋ ಗಣಿಗೋ ಕರೆಂಟ್ ಲೈನಿಗೋ ಕಾಡು ಹೋದರೆ, ಕಾಡು ತೆಗೆದುಕೊಂಡವರು ದುಡ್ಡು ಕಟ್ಟಬೇಕು. ಇನ್ನೊಂದು ಕಡೆ ಗಿಡ ನೆಡಲು ಒಂದು ಮೊತ್ತ, ಹೋದ ಕಾಡಿನ ಬೆಲೆ ಅಂತ ಹೆಕ್ಟೇರಿಗೆ ಇಷ್ಟು ಲಕ್ಷ ಬೇರೆ. ಇಂಥದ್ದೊಂದು ನಿಧಿ ಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2002ರಲ್ಲಿ. ಕಾಯ್ದೆ ಆದದ್ದು 2016ರಲ್ಲಿ. ಅದು ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 30ಕ್ಕೆ. ಗಿಡ ನೆಟ್ಟಿದ್ದರೆ ಅಷ್ಟರಲ್ಲಿ ನೆರಳು ಕೊಡುತ್ತಿತ್ತು. 2013ರಲ್ಲಿ ನಮ್ಮ ಇಲಾಖೆ ಇಡೀ ದೇಶದ ಲೆಕ್ಕ ನೋಡಿ ವರದಿ ಕೊಟ್ಟಿತ್ತು. ಆರು ವರ್ಷದಲ್ಲಿ ಬದಲಿಗೆ ಸಿಗಬೇಕಿದ್ದ ಜಮೀನು 1 ಲಕ್ಷ 3 ಸಾವಿರ ಹೆಕ್ಟೇರ್. ಸಿಕ್ಕಿದ್ದು 28 ಸಾವಿರ. ಗಿಡ ನೆಟ್ಟಿದ್ದು 7 ಸಾವಿರದ ಚಿಲ್ಲರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅದನ್ನು ಓದಿ ರಾತ್ರಿ ನಿದ್ದೆ ಬಂದಿರಲಿಲ್ಲ. ಈಗ ಬರುತ್ತದೆ.

ಇಷ್ಟಾದ ಮೇಲೆ ನೆಡುತೋಪುಗಳ ಪಟ್ಟಿ ಕೈಗೆ ಬಂತು. ಒಂದೊಂದು ಸಾಲಿಗೆ ಒಂದೊಂದು ತೋಪು. ಯಾವ ವರ್ಷ ನೆಟ್ಟದ್ದು, ಎಷ್ಟು ಹೆಕ್ಟೇರ್, ಎಷ್ಟು ಗಿಡ, ಎಷ್ಟು ಖರ್ಚು. ಕೊನೆಯ ಕಾಲಂ, ನೂರಕ್ಕೆ ಎಷ್ಟು ಗಿಡ ಬದುಕಿವೆ.

84. 86. 85. 85. 82. 41. 85. 87.

ಎಲ್ಲರ ಕಣ್ಣೂ ಆ ನಲವತ್ತೊಂದರ ಮೇಲೆ ಹೋಯಿತು. ಹೋಗದೆ ಏನು? ಹಿರಿಯರು ಪೆನ್ಸಿಲ್ ತೆಗೆದು ಅದಕ್ಕೆ ಸುತ್ತು ಹಾಕಿದರು. "ಜಂಟಿ ತಪಾಸಣೆಗೆ ಇದು." ಅಂದರೆ ನಾವೂ ಅವರೂ ಒಟ್ಟಿಗೆ ಹೋಗಿ ನೋಡುವುದು. ಡಿಸಿಎಫ್ ವಲಯ ಅರಣ್ಯಾಧಿಕಾರಿ ಆರ್‌ಎಫ್‌ಒ ಕಡೆ ನೋಡಿದರು. ಆರ್‌ಎಫ್‌ಒ ಹಿಂದೆ ತಿರುಗಿ ಗೋಡೆಗೆ ಒರಗಿ ನಿಂತಿದ್ದ ಗಾರ್ಡನ್ನು ನೋಡಿದರು. ಗಾರ್ಡ್ ಬಂದಿದ್ದು ಮೀಟಿಂಗಿಗಲ್ಲ, ರೆಜಿಸ್ಟರುಗಳ ಗಂಟು ಹೊತ್ತುಕೊಂಡು. ಅವನ ಹಿಂದೆ ಗೋಡೆ ಮಾತ್ರ ಇತ್ತು.

ಇದನ್ನು ನಾನು ಮೊದಲೂ ನೋಡಿದ್ದೇನೆ. ನೋಡಿದ್ದೇನೆ ಅಂದರೆ, ಮಾಡಿದ್ದೇನೆ.

ಎಂಟು ವರ್ಷದ ಹಿಂದೆ, ಬೇರೆ ರಾಜ್ಯದಲ್ಲಿ. ಇಂಥದ್ದೇ ಪಟ್ಟಿ. ಒಬ್ಬ ಗಾರ್ಡ್ ತನ್ನ ತೋಪಿನಲ್ಲಿ ಮೂವತ್ತೆಂಟು ಅಂತ ಬರೆದಿದ್ದ. ಸತ್ತದ್ದು ಎಷ್ಟು, ಯಾವ ತಿಂಗಳು, ಯಾಕೆ, ಎಲ್ಲ ದುಂಡನೆಯ ಅಕ್ಷರದಲ್ಲಿ. ನಾನು ಹೋಗಿ ಎಣಿಸಿದೆ. ಮೂವತ್ತೇಳು ಬಂತು. ಅಂಥ ಲೆಕ್ಕ ನನ್ನ ನೌಕರಿಯಲ್ಲಿ ಅದಕ್ಕೆ ಮೊದಲು ಸಿಕ್ಕಿಲ್ಲ, ಆಮೇಲೂ ಸಿಕ್ಕಿಲ್ಲ. ವಾಪಸ್ ಬಂದು ಅದೇ ರೆಜಿಸ್ಟರನ್ನು ಸಾಕ್ಷಿ ಮಾಡಿಕೊಂಡು "ವ್ಯರ್ಥ ವೆಚ್ಚ" ಅಂತ ಪ್ಯಾರಾ ಬರೆದೆ. ಭಾರೀ ಗಟ್ಟಿ ಪ್ಯಾರಾ ಅಂತ ಶಹಬ್ಬಾಸ್ ಸಿಕ್ಕಿತು. ಗಟ್ಟಿ ಇರದೆ ಏನು, ಆ ಕಡೆಯವನೇ ಬರೆದುಕೊಟ್ಟಿದ್ದನಲ್ಲ. ಅಕ್ಕಪಕ್ಕದ ಎಂಬತ್ತರ ಮೇಲಿನವನ್ನು ಯಾರೂ ಎಣಿಸಲಿಲ್ಲ. ಅವುಗಳ ಬಗ್ಗೆ ಬರೆಯಲು ಪೇಪರಿನಲ್ಲಿ ಏನೂ ಇರಲಿಲ್ಲ. ಮುಂದಿನ ವರ್ಷ ಇನ್ನೊಬ್ಬರು ಅಲ್ಲಿಗೆ ಹೋಗಿದ್ದರು. ಆ ಗಾರ್ಡಿಗೆ ವಿವರಣೆ ಕೇಳಿ ನೋಟಿಸ್ ಬಂದಿತ್ತಂತೆ. ತೋಪಿನ ಅಂಕಿ ಎಂಬತ್ತೆರಡು ಆಗಿತ್ತಂತೆ. ಸತ್ತ ಗಿಡ ಎದ್ದು ಕೂತವು.

ಇವತ್ತು ಪೆನ್ಸಿಲ್ ಸುತ್ತು ಹಾಕುವಾಗ ನನ್ನ ಕಿವಿ ಬಿಸಿಯಾಯಿತು.

ಆಗ ಗಾರ್ಡ್ ಬಾಯಿ ಬಿಟ್ಟ. ಯಾರೂ ಕೇಳಿರಲಿಲ್ಲ. ಕೊಂಕಣಿಯಲ್ಲಿ ಹೇಳಿದ, ನನಗೆ ಮುಕ್ಕಾಲು ಪಾಲು ಅರ್ಥವಾಯಿತು. ಆ ಗುಡ್ಡದಲ್ಲಿ ಗಿಡ ಇಟ್ಟದ್ದು 2022ರ ಮಳೆಗಾಲಕ್ಕೆ. 2023ರ ಮಾರ್ಚಿನಲ್ಲಿ ಬೆಂಕಿ ಬಿತ್ತು. ಆ ವರ್ಷ ಗೋವಾದ ಕಾಡಿಗೆ ಬೆಂಕಿ ಬಿದ್ದದ್ದು ಎಲ್ಲರಿಗೂ ನೆನಪಿದೆ. ಮೇಲಿನ ಕಡೆ ಬರೀ ಚಿರೆಕಲ್ಲು, ಒಂದೂವರೆ ಅಡಿ ಗುಂಡಿ ತೋಡಲು ಹಾರೆ ಇಳಿಯಲಿಲ್ಲ. ಉಳಿದದ್ದು ಇಷ್ಟೇ, ಇಷ್ಟೇ ಬರೆದೆ. ಅಷ್ಟು ಹೇಳಿ ಸುಮ್ಮನಾದ. ಆರ್‌ಎಫ್‌ಒ ಗಂಟಲು ಸರಿ ಮಾಡಿಕೊಂಡರು. ನಾನು ಪಟ್ಟಿ ನೋಡಿದೆ. ಅದೇ ಗುಡ್ಡದ ಆ ಮಗ್ಗುಲಿನ ತೋಪು, ಅದೇ ವರ್ಷ ನೆಟ್ಟದ್ದು, ಬೇರೆ ಬೀಟು, ಅಂದರೆ ಬೇರೆ ಗಾರ್ಡಿನ ಸರಹದ್ದು. ಎಂಬತ್ತೈದು.

ಬೆಂಕಿಗೆ ಬೀಟಿನ ಗಡಿ ಗೊತ್ತಾಗುತ್ತದಾ? ಆಗಿರಲೂಬಹುದು, ಆ ಮಗ್ಗುಲಿಗೆ ಗಾಳಿ ಬೀಸದೆ ಇದ್ದಿರಬಹುದು. ನೋಡದೆ ಹೇಳಬಾರದು. ನೋಡಬೇಕು ಅನ್ನುವುದೇ ನನ್ನ ಮಾತು.

ಡಬ್ಬಿಯ ಕಥೆಗೆ ಬರುತ್ತೇನೆ. ನನ್ನಪ್ಪ ಉತ್ತರ ಕನ್ನಡದ ಒಂದು ನಾಟಾ ಡಿಪೋದಲ್ಲಿ ವಾಚರ್ ಆಗಿದ್ದ. ಆಡಿಟ್ ಬಂತು ಅಂದರೆ ನಮ್ಮ ಮನೆಯಲ್ಲಿ ಒಂದು ಕೋಳಿ ಕಡಿಮೆಯಾಗುತ್ತಿತ್ತು. ಅವ್ವ ಸಾರು ಮಾಡುವಳು, ನಮಗೆ ಸಿಗುವುದು ಬರೀ ವಾಸನೆ. ಅಪ್ಪ ಎರಡು ದಿನ ಮೊದಲೇ ಟೇಪು ಹಿಡಿದು ಸಾಗವಾನಿ ತುಂಡುಗಳ ಮೇಲೆ ಹತ್ತಿ ಇಳಿದು ನಂಬರ್ ನೋಡುವನು. ನಾನು ಪೆನ್ಸಿಲ್ ಹಿಡಿದು ಬರೆಯುವುದು. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸು, ಅದನ್ನು ಅದರಿಂದಲೇ ಗುಣಿಸು, ಆಮೇಲೆ ಉದ್ದದಿಂದ ಗುಣಿಸು. ಇದು ಡಿಪೋದ ಸೂತ್ರ. ಹೈಸ್ಕೂಲಿನಲ್ಲಿ ವೃತ್ತದ ಲೆಕ್ಕ ಕಲಿತ ಮೇಲೆ ನಾನೇ ಹಾಕಿ ನೋಡಿದೆ. ಈ ಸೂತ್ರದಲ್ಲಿ ಮರದ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಲೆಕ್ಕಕ್ಕೇ ಬರುವುದಿಲ್ಲ! ಓಡಿ ಹೋಗಿ ಅಪ್ಪನಿಗೆ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಗೊತ್ತದ. ಗರಗಸಕ್ಕೂ ಸಿಪ್ಪೆಗೂ ಅಂತ ಬಿಟ್ಟದ್ದು ಅದು" ಅಂದ. ಅವನು ಓದಿದ್ದು ನಾಲ್ಕನೇ ಇಯತ್ತೆ.

ಆ ಕೋಳಿಗಳ ನೆನಪಿಗೆ ನಾನು ಡಬ್ಬಿ ಒಯ್ಯುತ್ತೇನೆ. ಉಳಿದವರು ನನ್ನಿಂದ ಕಲಿತರು. ಇವತ್ತು ನನ್ನದು ಚಪಾತಿ, ಹೆಸರುಕಾಳಿನ ಪಲ್ಯ.

ಮೀಟಿಂಗ್ ಮುಗಿದ ಮೇಲೆ ವರಾಂಡದಲ್ಲಿ ಹಿರಿಯರನ್ನು ಹಿಡಿದೆ. ನಲವತ್ತೊಂದು ಇರಲಿ ಸರ್, ಜೊತೆಗೆ ಎಂಬತ್ತರ ಮೇಲಿನ ಮೂರು ಎಣಿಸೋಣ ಅಂದೆ. ಅವರು ಕೈಗಡಿಯಾರ ನೋಡಿದರು, ಗಂಟೆ ನೋಡಲು ಅಲ್ಲ. "ಹತ್ತು ಹೆಕ್ಟೇರ್ ಅಂದರೆ ಮೂರು ಮೀಟರ್ ಅಂತರದಲ್ಲಿ 11 ಸಾವಿರ ಗುಂಡಿ. ಹುಲ್ಲು ಎದೆಮಟ್ಟ ಬಂದಿರುತ್ತದೆ. ಎಣಿಸುವವರು ಯಾರು?" ಹತ್ತು ಸಾಲಿಗೊಂದು ಸಾಲು ಎಣಿಸಿದರೆ ಸಾಕು ಅಂದೆ. ಉಪಗ್ರಹದ ಚಿತ್ರ ಇದೆಯಲ್ಲ ಅಂದರು. ಚಿತ್ರದಲ್ಲಿ ಹಸಿರೇನೋ ಕಾಣುತ್ತದೆ. ಅದು ನೆಟ್ಟ ಗಿಡವೋ, ಹಳೇ ಅಕೇಶಿಯಾವೋ, ಯುಪಟೋರಿಯಂ ಕಳೆಯ ಪೊದೆಯೋ ಯಾರಿಗೆ ಗೊತ್ತು?

ಕೊನೆಗೆ ಆ ಎಂಟು ವರ್ಷದ ಹಿಂದಿನ ಪ್ಯಾರಾ ಕಥೆ ಹೇಳಿದೆ. ಅವರಿಗೆ ಇದುವರೆಗೆ ಹೇಳಿರಲಿಲ್ಲ. ಕೇಳಿ ಸ್ವಲ್ಪ ಹೊತ್ತು ಹಲ್ಲು ಚುಚ್ಚುತ್ತಾ ನಿಂತರು, ಗೋಡಂಬಿ ಸಿಕ್ಕಿಹಾಕಿಕೊಂಡಿತ್ತು. "ಮೂರು ಆಗುವುದಿಲ್ಲ. ಎರಡು. ಚೀಟಿ ಎತ್ತು." ಲೆಕ್ಕದ ವಹಿಯ ಹಾಳೆ ಹರಿದು ಚೀಟಿ ಮಾಡಿದೆ. ಆರ್‌ಎಫ್‌ಒ ಕೈಯಲ್ಲೇ ಎತ್ತಿಸಿದೆ. ಮೊದಲನೆಯದು ಎಲ್ಲೋ ದೂರದ ತೋಪು. ಎರಡನೆಯದು ಅದೇ ಗುಡ್ಡದ ಆ ಮಗ್ಗುಲು. ನಾನು ಏನೂ ಮಾಡಿಲ್ಲ, ನಿಜವಾಗಿ ಚೀಟಿಯೇ ಹಾಗೆ ಬಂತು. ಆರ್‌ಎಫ್‌ಒ ಮುಖ ನೋಡುವ ಹಾಗಿತ್ತು. ಇದರಿಂದ ಆ ಗಾರ್ಡಿಗೆ ಒಳ್ಳೆಯದಾಗುತ್ತದೋ, ಅವನ ಸಹೋದ್ಯೋಗಿಗಳು ಅವನನ್ನು ಹುರಿದು ತಿನ್ನುತ್ತಾರೋ, ಈಗಲೇ ಹೇಳಲಾರೆ. ಜೀಪಿನಲ್ಲಿ ಬರುವಾಗ ಇಡೀ ದಾರಿ ಇದೇ ತಲೆಯಲ್ಲಿತ್ತು.

ಹೊರಡುವಾಗ ಗಾರ್ಡ್ ಜೀಪಿನ ಹತ್ತಿರ ಬಂದ. ಕನ್ನಡದಲ್ಲಿ ಮಾತಾಡಿಸಿದ. ನನಗೆ ಆಶ್ಚರ್ಯ. ಅವನ ತಾಯಿಯ ತವರು ಗಡಿಯಾಚೆಯ ರಾಮನಗರದ ಕಡೆಯಂತೆ. ಫೋನಿನಲ್ಲಿ ನಾನು ಮನೆಗೆ ಮಾತಾಡಿದ್ದು ಕೇಳಿಸಿಕೊಂಡಿದ್ದ.

"ಒಂದ್ ಕೇಳ್ಲಾ? ಖರೇ ಬರದ್ರೆ ನಂಗ್ ತ್ರಾಸ. ಸುಳ್ಳ ಬರದ್ರೆ ಯಾರಿಗೂ ತ್ರಾಸ ಇಲ್ಲ. ಮತ್ತ ಮುಂದಿನ ವರ್ಷ ನಾ ಎಷ್ಟ್ ಬರೀಬೇಕ್ರಿ?"

ಎಷ್ಟಿದೆಯೋ ಅಷ್ಟು ಬರಿ ಅನ್ನಲು ಬಾಯಿ ತೆರೆದೆ, ಮುಚ್ಚಿದೆ. ಮುಂದಿನ ಸೋಮವಾರ ಎಣಿಸೋಣ, ಆಮೇಲೆ ಮಾತಾಡೋಣ ಅಂದೆ.

"ಆ ಮಗ್ಗಲಿಗೂ ಹೋಗ್ತೀರಿ?"

ಹೂಂ ಅಂದೆ.

ಅವನು ನನ್ನ ಅರ್ಧ ತೋಳಿನ ಅಂಗಿ ನೋಡಿದ. "ಹಂಗಾರೆ ತುಂಬ್ ತೋಳಿಂದು ಹಾಕ್ಕೊಂಡ್ ಬರ್ರಿ. ಆ ಕಡೆ ನಸುಗುನ್ನಿ ಭಾಳ ಐತಿ."