ಪೈಪ್‌ಲೈನಾ, ಈವೆಂಟಾ?

"ಪ್ಯಾರಲಲ್ ಪೈಪ್‌ಲೈನ್ ಮಾಡ್ಲಾ, ಈವೆಂಟ್ ಡ್ರಿವನ್ ಮಾಡ್ಲಾ?" ಸಾಫ್ಟ್‌ವೇರ್ ಡಿಸೈನ್ ಮಾತು ಶುರುವಾದಾಗಲೆಲ್ಲ ಯಾರಾದರೂ ನನ್ನನ್ನು ಇದನ್ನೇ ಕೇಳುತ್ತಾರೆ. ಪೈಪ್‌ಲೈನ್ ಅಂದರೆ ಕೆಲಸವನ್ನು ಹಂತಗಳಾಗಿ ಸಾಲಾಗಿ ಜೋಡಿಸಿ, ಹಂತಗಳನ್ನೆಲ್ಲ ಒಟ್ಟಿಗೆ ಓಡಿಸುವುದು. ಈವೆಂಟ್ ಡ್ರಿವನ್ ಅಂದರೆ ಏನೋ ಆಯಿತು ಅಂತ ಸುದ್ದಿ ಹೊರಡಿಸುವುದು, ಬೇಕಾದ ಪ್ರೋಗ್ರಾಂಗಳು ಅದನ್ನು ಕೇಳಿ ತಮ್ಮ ಕೆಲಸ ಮಾಡುವುದು. ಯಾವುದು ಫಾಸ್ಟ್ ಅನ್ನುವುದು ಅವರ ಮನಸ್ಸಿನಲ್ಲಿರುತ್ತದೆ. ನಾನು ತಿರುಗಿ ಕೇಳುವುದು ಬೇರೆ: "ಕೆಲಸ ಪೂರ್ತಿ ಮುಗಿಯಿತು ಅಂತ ಯಾರಿಗಾದರೂ ಗೊತ್ತಾಗಬೇಕಾ?"

ಗೊತ್ತಾಗಬೇಕು ಅಂದರೆ ನನ್ನ ಓಟು ಪೈಪ್‌ಲೈನಿಗೆ.

10,000 ಫೋಟೋಗಳಿವೆ ಅಂದುಕೊಳ್ಳಿ. ಒಂದನ್ನು ಓದಲು 20 ಮಿಲಿಸೆಕೆಂಡ್, ಚಿಕ್ಕದು ಮಾಡಲು 200, ಬರೆದಿಡಲು 30. ಒಂದಾದ ಮೇಲೊಂದು ಮಾಡಿದರೆ ಸುಮಾರು 42 ನಿಮಿಷ. ಮೂರೂ ಹಂತಗಳನ್ನು ಒಟ್ಟಿಗೆ ಓಡಿಸಿದರೆ ಮೂರು ಪಟ್ಟು ಬೇಗ ಆಗಬೇಕು, ಅಲ್ವಾ? ಆಗಲ್ಲ. 33 ನಿಮಿಷ ಹಿಡಿಯುತ್ತದೆ. ಎಲ್ಲಕ್ಕಿಂತ ನಿಧಾನವಾದ ಹಂತ ಎಷ್ಟು ಓಡುತ್ತದೋ ಇಡೀ ಸಾಲೂ ಅಷ್ಟೇ ಓಡುತ್ತದೆ. ಪ್ರೊಸೆಸರಿನಲ್ಲಿ ಸಾಕಷ್ಟು ಕೋರ್‌ಗಳಿದ್ದರೆ ಚಿಕ್ಕದು ಮಾಡುವ ಹಂತಕ್ಕೆ ನಾಲ್ಕು ವರ್ಕರ್ (ಅದೇ ಕೆಲಸವನ್ನು ಒಟ್ಟಿಗೆ ಮಾಡುವ ಪ್ರತಿಗಳು) ಹಾಕಿ, ಎಂಟೂವರೆ ನಿಮಿಷದೊಳಗೆ ಮುಗಿಯುತ್ತದೆ. ಎಂಟು ಹಾಕಿದರೆ 5 ನಿಮಿಷ. ಅದರ ಮೇಲೆ ಹಾಕಿದ್ದೆಲ್ಲ ಸುಮ್ನೆ ದಂಡ, ಈಗ ಬರೆದಿಡುವ ಹಂತ ಅಡ್ಡ ಕೂತಿರುತ್ತದೆ. ಇಷ್ಟನ್ನೂ ಒಂದು ಲೈನ್ ಕೋಡ್ ಬರೆಯುವ ಮುಂಚೆಯೇ ಲೆಕ್ಕ ಹಾಕಬಹುದು. ಪೈಪ್‌ಲೈನಿನಲ್ಲಿ ನನಗೆ ಇಷ್ಟವಾಗುವುದೇ ಇದು.

ಈವೆಂಟಿನ ಕತೆ ಬೇರೆ. "ಆರ್ಡರ್ ಬಂತು" ಅಂತ ಕೂಗಿ ಹೇಳಿದರೆ ಆಯಿತು. ಬಿಲ್ ಮಾಡುವವರು, ಸ್ಟಾಕ್ ಕಡಿಮೆ ಮಾಡುವವರು, ಮೇಲ್ ಕಳಿಸುವವರು ತಂತಮ್ಮ ಪಾಡಿಗೆ ಕೇಳಿಸಿಕೊಳ್ಳುತ್ತಾರೆ. ನಾಳೆ ನಾಲ್ಕನೆಯವರು ಬಂದರೂ ಕೂಗಿದವರ ಕೋಡ್ ಮುಟ್ಟಬೇಕಿಲ್ಲ. ಮುಂದೆ ಯಾರಿಗೆಲ್ಲ ಬೇಕಾಗುತ್ತದೋ ಗೊತ್ತಿಲ್ಲದಿದ್ದಾಗ ಇದೇ ಸರಿ.

ಆದರೆ ಕೂಗಿದವರಿಗೆ ಯಾರು ಹಿಂದೆ ಬಿದ್ದಿದ್ದಾರೆ ಅನ್ನುವುದು ಕಾಣಲ್ಲ. ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ಗೆ 1973ರಲ್ಲಿ ಬಂದ ಪೈಪ್, ಅಂದರೆ ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದು ಓದುವ ದಾರಿ, ಈ ವಿಷಯದಲ್ಲಿ ಬಲು ನೇರ. ಇವತ್ತಿನ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 64 ಕೆಬಿ ತುಂಬಿದರೆ, ಓದುವವರು ಖಾಲಿ ಮಾಡುವ ತನಕ ಬರೆಯುವವರು ನಿಂತುಬಿಡುತ್ತಾರೆ. ಈವೆಂಟ್ ಮೆಸೇಜುಗಳನ್ನು ಕೂಡಿಟ್ಟು ಹಂಚುವ ಕಾಫ್ಕಾದಂಥ ಕಡೆ ಯಾರೂ ನಿಲ್ಲುವುದಿಲ್ಲ. ಮೆಸೇಜುಗಳು ರಾಶಿ ಬೀಳುತ್ತಲೇ ಇರುತ್ತವೆ. ನೀವು ಸೆಟ್ಟಿಂಗ್ ಬದಲಿಸದಿದ್ದರೆ 7 ದಿನ ಕಳೆದ ಮೇಲೆ ಹಳೆಯವು ಅಳಿಸಿಹೋಗುತ್ತವೆ, ನೀವು ಓದಿರಲಿ ಬಿಡಲಿ. ಲ್ಯಾಗ್, ಅಂದರೆ ಓದುವವರು ಎಷ್ಟು ಹಿಂದೆ ಬಿದ್ದಿದ್ದಾರೆ ಅಂತ ನೋಡುವ ಅಲರ್ಟ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ಇಂಥದ್ದೇ ಒಂದು ಫೋಟೋ ಕೆಲಸವನ್ನು ಪೂರ್ತಿ ಈವೆಂಟಿನಲ್ಲಿ ಮಾಡಿದ್ದೆ. ಎಲ್ಲಾ ಮುಗಿಯಿತಾ ಅಂತ ತಿಳಿಯಲು ಕೊನೆಯಲ್ಲಿ ಒಂದು ಕೌಂಟರ್ ಇಟ್ಟಿದ್ದೆ, 10,000 ಆದರೆ ಮುಗಿಯಿತು ಅಂತ. ಒಂದು ಬೆಳಿಗ್ಗೆ ನೋಡಿದರೆ ಕೌಂಟರ್ 10,003 ತೋರಿಸುತ್ತಿದೆ! ಈವೆಂಟ್‌ಗಳನ್ನು ಸಾಗಿಸುವ ಇಂಥ ಮೆಸೇಜ್ ಕ್ಯೂಗಳು ಸಾಮಾನ್ಯವಾಗಿ ಮಾತು ಕೊಡುವುದು "ಒಂದು ಸಲವಾದರೂ ತಲುಪಿಸುತ್ತೇವೆ" ಅಂತ. ಒಂದೇ ಸಲ ಅಂತಲ್ಲ. ಕೆಲವು ಎರಡೆರಡು ಸಲ ಬಂದಿದ್ದವು. ಪ್ರತಿ ಫೋಟೋದ ಐಡಿ ಬರೆದಿಟ್ಟು, ಮೊದಲೇ ಬಂದಿದ್ದರೆ ಬಿಟ್ಟುಬಿಡು ಅಂತ ಕೋಡ್ ಸೇರಿಸಿದೆ. ಆಮೇಲೆ ಫೇಲ್ ಆದವನ್ನು ಎಣಿಸಲು ಇನ್ನೊಂದು ಟೇಬಲ್. ಪೈಪ್‌ಲೈನ್ ಪುಕ್ಕಟೆ ಕೊಡುತ್ತಿದ್ದುದನ್ನೇ ನಾನು ಕೈಯಾರೆ ಕಟ್ಟುತ್ತಾ ಕೂತಿದ್ದೆ.

ಕೊನೆಗೆ ಅದನ್ನೆಲ್ಲ ಕಿತ್ತು, ಒಳಗೆ ಪೈಪ್‌ಲೈನ್ ಇಟ್ಟೆ. ಅದು ಮುಗಿದ ಮೇಲೆ "ಫೋಟೋಗಳು ರೆಡಿ" ಅಂತ ಹೊರಗೆ ಒಂದೇ ಈವೆಂಟ್. ಅದೂ ಎರಡು ಸಲ ಬರಬಹುದು, ಹಾಗಾಗಿ ಐಡಿ ನೋಡುವ ಆ ನಾಲ್ಕು ಲೈನ್ ಮಾತ್ರ ಇವತ್ತಿಗೂ ಹಾಗೇ ಇವೆ.